ನೀರುಗಂಟಿ ಮಾಡೆಲ್ ಅನ್ನು ಮೆಸಾ 3ಕ್ಕೆ ತಂದ ಕಥೆ

ಮೆಸಾದ ಹಳೇ ವರ್ಷನ್‌ನಲ್ಲಿ ಬರೆದ ಮಾಡೆಲ್ ಒಂದು ನಿಮ್ಮ ಲ್ಯಾಬಿನಲ್ಲೂ ಬಿದ್ದಿದೆಯಾ? ಅದನ್ನು ಮೆಸಾ 3ಕ್ಕೆ ತರುವ ಕೆಲಸ ನಿಮ್ಮ ತಲೆಗೆ ಬಂದಿದೆಯಾ? ಹಾಗಿದ್ದರೆ ಇದನ್ನು ಓದಿ ಶುರು ಮಾಡಿ. ನಾನು ಈಗಷ್ಟೇ ಅದನ್ನು ಮುಗಿಸಿ ಉಸಿರು ಬಿಟ್ಟಿದ್ದೇನೆ. ಕೋಡ್ ಬದಲಿಸುವುದು ಇದರಲ್ಲಿ ಚಿಕ್ಕ ಭಾಗ. ಬದಲಾದ ಮೇಲೂ ಇದು ಅದೇ ಮಾಡೆಲ್ ಅಂತ ತೋರಿಸುವುದಕ್ಕೇ ನನ್ನ ಟೈಮೆಲ್ಲ ಹೋಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಮೆಸಾ ಅಂದರೆ ಪೈಥಾನ್‌ನಲ್ಲಿ ಏಜೆಂಟ್ ಆಧಾರಿತ ಸಿಮ್ಯುಲೇಶನ್ ಬರೆಯುವ ಲೈಬ್ರರಿ. ಅಂದರೆ ಒಬ್ಬೊಬ್ಬರನ್ನೂ ಒಂದೊಂದು ಏಜೆಂಟ್ ಮಾಡಿ, ಅವರ ನಡೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಉಚಿತ, ಅಪಾಚೆ 2.0 ಲೈಸೆನ್ಸ್. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಡೇವಿಡ್ ಮಸಾದ್ ಮತ್ತು ಜ್ಯಾಕಿ ಕಾಜಿಲ್ ಶುರು ಮಾಡಿದ್ದು. 2015ರ ಸೈಪೈ ಅನ್ನುವ ಪೈಥಾನ್ ಸಮ್ಮೇಳನದಲ್ಲಿ ಅದನ್ನು ಪರಿಚಯಿಸಿದರು. ಮೆಸಾ 3.0 ಬಂದದ್ದು 2024ರ ನವೆಂಬರ್‌ನಲ್ಲಿ. ಅದರಲ್ಲಿ ಸುಮಾರು ವಿಷಯ ಬದಲಾಯಿತು. ನಮ್ಮ ಮಾಡೆಲ್ ಕೂತುಹೋದದ್ದು ಅಲ್ಲೇ.

ಮಾಡೆಲ್ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಕೋಲಾರ ಕಡೆಯ ಒಂದು ಕೆರೆ. ಅದರ ತೂಬು, ತೂಬಿನಿಂದ ಹೊರಟ ಕಾಲುವೆ, ಕಾಲುವೆ ಉದ್ದಕ್ಕೂ 60 ಗದ್ದೆ. ಒಂದೊಂದು ಗದ್ದೆಗೆ ಒಬ್ಬ ರೈತ, ಅವನೇ ಏಜೆಂಟ್. ದಿನಾ ಮೂರು ಕೆಲಸ: ನೀರು ಕೇಳುವುದು, ಹಾಯಿಸುವುದು, ಬೆಳೆ ಬಗ್ಗೆ ತೀರ್ಮಾನ ಮಾಡುವುದು. ನೀರುಗಂಟಿ, ಅಂದರೆ ಗದ್ದೆಗಳಿಗೆ ನೀರು ಹಂಚುವವನು, ಇದ್ದರೆ ಸರದಿ ಪ್ರಕಾರ ನೀರು. ಇಲ್ಲದಿದ್ದರೆ ಯಾರು ಮೊದಲು ಹೋಗಿ ಮಡೆ ತಿರುಗಿಸಿಕೊಂಡರೋ ಅವರಿಗೆ. ಈ ಎರಡು ಪರಿಸ್ಥಿತಿಯಲ್ಲಿ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಎಷ್ಟು ನೀರು ತಲುಪುತ್ತೆ ಅನ್ನುವುದೇ ನಮ್ಮ ಪ್ರಶ್ನೆ. ಅಂದರೆ ಏಜೆಂಟ್‌ಗಳು ಯಾವ ಕ್ರಮದಲ್ಲಿ ಓಡುತ್ತವೆ ಅನ್ನುವುದು ಇಲ್ಲಿ ಪ್ರೋಗ್ರಾಮರ್ ತಲೆನೋವಲ್ಲ, ಅದೇ ಸಂಶೋಧನೆಯ ವಿಷಯ. ಇದನ್ನು ನೆನಪಿಟ್ಟುಕೊಳ್ಳಿ.

ನೀರಾವರಿಯನ್ನು ಹೀಗೆ ನೋಡುವುದು ಹೊಸದೇನಲ್ಲ. ಬಾಲಿಯ ಗದ್ದೆಗಳು ಮತ್ತು ಅಲ್ಲಿನ ನೀರಿನ ದೇವಸ್ಥಾನಗಳ ಬಗ್ಗೆ ಲ್ಯಾನ್ಸಿಂಗ್ ಮತ್ತು ಕ್ರೆಮರ್ 1993ರಲ್ಲೇ ಇಂಥ ಮಾಡೆಲ್ ಪ್ರಕಟಿಸಿದ್ದರು. ನಮ್ಮದನ್ನು ಬರೆದವರು ಲ್ಯಾಬಿನ ಸೀನಿಯರ್, ಮೆಸಾ 1.2 ಇದ್ದ ಕಾಲದಲ್ಲಿ. ಆಮೇಲೆ ಅವರು ಕೆಲಸ ಸಿಕ್ಕಿ ಹೋದರು, ಕೋಡ್ ನನ್ನ ಪಾಲಿಗೆ ಬಂತು.

ಗಲಾಟೆ ಶುರುವಾದದ್ದು ಜರ್ನಲ್‌ನ ವಿಮರ್ಶಕರಿಂದ. ಲೇಖನ ಚೆನ್ನಾಗಿದೆ, ಆದರೆ ಕೋಡ್ ನಮ್ಮ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ, ಸರಿಮಾಡಿ ಸಾರ್ವಜನಿಕವಾಗಿ ಇಡಿ ಅಂತ ಬರೆದಿದ್ದರು. ಜೊತೆಗೆ ಎರರ್ ಕೂಡ ಅಂಟಿಸಿದ್ದರು: ಮೆಸಾ.ಟೈಮ್ ಅನ್ನುವ ಮಾಡ್ಯೂಲ್ ಇಲ್ಲ. ಕಾರಣ ನೋಡಿದರೆ ಸರಳ. ಯಾವ ಲೈಬ್ರರಿಗಳು ಬೇಕು ಅಂತ ಪಟ್ಟಿ ಮಾಡುವ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಬರೀ ಮೆಸಾ ಅಂತ ಇತ್ತು, ವರ್ಷನ್ ನಂಬರ್ ಇರಲಿಲ್ಲ. ಅವರು ಇನ್‌ಸ್ಟಾಲ್ ಮಾಡಿದಾಗ ಹೊಸದು ಬಂದು ಕೂತಿದೆ. ಏಜೆಂಟ್‌ಗಳನ್ನು ಕ್ರಮವಾಗಿ ಓಡಿಸುವ ಶೆಡ್ಯೂಲರ್‌ಗಳಿದ್ದ ಆ ಮಾಡ್ಯೂಲನ್ನು 3.0ರಲ್ಲಿ ಬಳಸಬೇಡಿ ಅಂತ ಹೇಳಿ, 3.1ರಲ್ಲಿ ತೆಗೆದೇ ಹಾಕಿದ್ದಾರೆ.

ಇಲ್ಲಿ ಎರಡು ದಾರಿ ಇದೆ: ಹಳೇ ವರ್ಷನ್‌ಗೇ ಅಂಟಿಕೊಳ್ಳುವುದು, ಇಲ್ಲವೇ ಕೋಡನ್ನು ಹೊಸದಕ್ಕೆ ತರುವುದು. ಲೇಖನ ಒಂದು ಪಾಸಾದರೆ ಸಾಕು, ಮಾಡೆಲನ್ನು ಮತ್ತೆ ಮುಟ್ಟುವುದಿಲ್ಲ ಅಂದರೆ ಹಳೇ ವರ್ಷನ್ ನಂಬರುಗಳನ್ನು ಫೈಲ್‌ನಲ್ಲಿ ಬರೆದು ಕೈತೊಳೆದುಕೊಳ್ಳಿ. ತಪ್ಪೇನಿಲ್ಲ. ನಾನೂ ಅದನ್ನೇ ಕೇಳಿದೆ.

“ಮೇಡಂ, ವರ್ಷನ್ ಫಿಕ್ಸ್ ಮಾಡಿ ಕಳಿಸಿಬಿಡ್ಲಾ?”

“ಮುಂದಿನ ವರ್ಷ ಬರೋ ಹುಡುಗರು ಇದರ ಮೇಲೇ ಕೆಲಸ ಮಾಡಬೇಕಲ್ಲಮ್ಮ. ಅವರಿಗೆ ಹಳೇ ಪೈಥಾನ್ ಹುಡುಕಿಕೊಂಡು ಕೂರು ಅಂತ ಹೇಳ್ತೀಯಾ?”

ಗೈಡ್ ಹಾಗೆ ಕೇಳಿದ ಮೇಲೆ ಮಾತಾಡುವುದಕ್ಕೆ ಏನಿರುತ್ತೆ?

ಕೆಲಸಕ್ಕೆ ಕೈ ಹಾಕುವ ಮೊದಲು ಮೇಡಂ ಒಂದು ಷರತ್ತು ಹಾಕಿದರು. ಹಳೇ ಕೋಡನ್ನು ಹಳೇ ಮೆಸಾದಲ್ಲೇ ಓಡಿಸಿ ಫಲಿತಾಂಶ ಎತ್ತಿಡಬೇಕು, ಆಮೇಲೆ ಮಾತ್ರ ಬದಲಾವಣೆ. ಆಗ ಇದು ಸುಮ್ನೆ ಕಾಲಹರಣ ಅನ್ನಿಸಿತ್ತು. ಈ ಬರಹದಲ್ಲಿ ನೀವು ಒಂದೇ ಒಂದು ಮಾತು ಕೇಳುವುದಾದರೆ ಇದನ್ನೇ ಕೇಳಿ. ಹಳೇ ಫಲಿತಾಂಶ ಕೈಯಲ್ಲಿ ಇರದಿದ್ದರೆ ಮುಂದೆ ಬಂದ ಮೂರು ಗಂಡಾಂತರಗಳಲ್ಲಿ ಎರಡು ನನಗೆ ಕಾಣಿಸುತ್ತಲೇ ಇರಲಿಲ್ಲ.

ಹಳೇದನ್ನು ಓಡಿಸುವುದೂ ಸಲೀಸಾಗಿರಲಿಲ್ಲ. ಬೇರೆ ಬೇರೆ ಎರಡು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದರ ಲೈಬ್ರರಿಗಳು ಇನ್ನೊಂದಕ್ಕೆ ತಾಗದ ಪೈಥಾನ್ ಜಾಗ) ಮಾಡಿಕೊಂಡೆ, ಒಂದು ಹಳೇದಕ್ಕೆ, ಒಂದು ಹೊಸದಕ್ಕೆ. ಮೆಸಾ 1.2 ಹಾಕಿದರೂ ಇನ್‌ಸ್ಟಾಲ್ ಮಾಡುವ ಪಿಪ್ ತಾನಾಗಿಯೇ ನಂಪೈ ಅನ್ನುವ ಲೆಕ್ಕದ ಲೈಬ್ರರಿಯ ಹೊಸ ವರ್ಷನ್ ಎಳೆದುಕೊಂಡು ಬಂತು. ಸೀನಿಯರ್ ಕೋಡ್ ತುಂಬಾ ಎನ್‌ಪಿ.ಫ್ಲೋಟ್ ಅಂತ ಬರೆದಿದ್ದರು. ನಂಪೈ 1.24ರಿಂದ ಅದು ಇಲ್ಲ. ನಂಪೈಯನ್ನೂ ಹಿಂದಕ್ಕೆ ಇಳಿಸಿದ ಮೇಲೆ ಮಾಡೆಲ್ ಎದ್ದಿತು. ಎದ್ದ ತಕ್ಷಣ ಪಿಪ್ ಫ್ರೀಜ್ ಹೊಡೆದು, ಅದು ಕೊಡುವ ಲೈಬ್ರರಿ ವರ್ಷನ್‌ಗಳ ಪಟ್ಟಿಯನ್ನು ಉಳಿಸಿಟ್ಟುಕೊಂಡೆ. ನೀವೂ ಹಾಗೇ ಮಾಡಿ, ಮತ್ತೆ ಬೇಕಾಗುತ್ತೆ.

ಆಮೇಲೆ ರಾತ್ರಿಯಿಡೀ ರನ್ ಹಾಕಿ ಮಲಗಿದೆ. ಬೆಳಗಿನ ಜಾವ ಕರೆಂಟ್ ಹೋಗಿತ್ತು. ನನ್ನ ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಎದ್ದು ನೋಡಿದರೆ ಒಂದು ಸಾಲೂ ಉಳಿದಿಲ್ಲ. ಮೆಸಾದ ಬ್ಯಾಚ್ ರನ್ ಎಲ್ಲಾ ರನ್‌ಗಳೂ ಮುಗಿದ ಮೇಲೇ ಫಲಿತಾಂಶವನ್ನು ಒಟ್ಟಿಗೆ ಕೊಡುತ್ತೆ. ಮಧ್ಯದಲ್ಲಿ ನಿಂತರೆ ಸೊನ್ನೆ. ಅಳು ಬರುವುದೊಂದು ಬಾಕಿ. ಅವತ್ತಿನಿಂದ ಸಣ್ಣ ಸಣ್ಣ ಕಂತುಗಳಾಗಿ ಒಡೆದು, ಪ್ರತಿ ಕಂತು ಮುಗಿದಾಗ ಒಂದು ಸಿಎಸ್‌ವಿ ಫೈಲ್ ಬರೆಯುವ ಹಾಗೆ ಮಾಡಿಕೊಂಡೆ. ವಿಂಡೋಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಪ್ರೊಸೆಸ್ ಕೊಡುವವರು ಕೋಡನ್ನು ಮೇನ್ ಅನ್ನುವ ಇಫ್ ಒಳಗೆ ಇಡಲೇಬೇಕು, ಇಲ್ಲದಿದ್ದರೆ ಪೈಥಾನ್ ಜಗಳಕ್ಕೆ ಬರುತ್ತೆ.

ಹಳೇ ಫಲಿತಾಂಶ ಕೈಗೆ ಬಂದ ಮೇಲೆ ಹೊಸ ಕೆಲಸ. ಮೆಸಾ 3.0ಕ್ಕೆ ಪೈಥಾನ್ ಕನಿಷ್ಠ 3.10 ಬೇಕು. ಬರೀ ಮೆಸಾ ಅಂತ ಇನ್‌ಸ್ಟಾಲ್ ಮಾಡಿದರೆ ಚಿತ್ರ ತೋರಿಸುವ ಭಾಗ ಬರುವುದಿಲ್ಲ. ಹೆಸರಿನ ಮುಂದೆ ಚೌಕ ಕಂಸದಲ್ಲಿ ಆರ್‌ಇಸಿ ಅಂತ ಸೇರಿಸಿ ಹಾಕಿ, ಬೇಕಾದದ್ದೆಲ್ಲ ಒಟ್ಟಿಗೆ ಬರುತ್ತೆ. ಮೆಸಾದವರೇ ಬರೆದ ಮೈಗ್ರೇಶನ್ ಗೈಡ್ ಇದೆ, ಚೆನ್ನಾಗಿಯೂ ಇದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಕೂರಿ.

ಮೊದಲ ಎರರ್‌ಗಳು ಒಳ್ಳೆಯವು. ಒಳ್ಳೆಯವು ಅಂದರೆ ಜೋರಾಗಿ ಕಿರುಚುವಂಥವು. ಮಾಡೆಲ್ ಕ್ಲಾಸ್‌ನಲ್ಲಿ ಸೂಪರ್ ಇನಿಟ್ ಕರೆದಿರಲಿಲ್ಲ, ಈಗ ಅದು ಕಡ್ಡಾಯ. ಸೆಲ್ಫ್.ಏಜೆಂಟ್ಸ್ ಅಂತ ಸೀನಿಯರ್ ಒಂದು ಖಾಲಿ ಪಟ್ಟಿ ಮಾಡಿಕೊಂಡಿದ್ದರು. ಆ ಹೆಸರನ್ನು ಈಗ ಮೆಸಾ ತಾನೇ ಬಳಸುತ್ತೆ, ನೀವು ಬೇರೆ ಹೆಸರು ಇಟ್ಟುಕೊಳ್ಳಿ ಅಂತ ಎರರ್‌ನಲ್ಲೇ ಬಿಡಿಸಿ ಹೇಳುತ್ತೆ. ಇಂಥದ್ದೆಲ್ಲ ಒಂದು ಸಂಜೆಯ ಕೆಲಸ.

ಶೆಡ್ಯೂಲರ್ ತೆಗೆದು ಹಾಕುವಾಗ ಸ್ವಲ್ಪ ಬೆವರಿದೆ. ಮೊದಲು ಸ್ಟೇಜ್ಡ್ ಆ್ಯಕ್ಟಿವೇಶನ್ ಅಂತ ಒಂದು ವಸ್ತು ಇತ್ತು. ಮೂರು ಹಂತದ ಹೆಸರು ಕೊಟ್ಟರೆ ಅದೇ ನೋಡಿಕೊಳ್ಳುತ್ತಿತ್ತು. ಈಗ ಅದಿಲ್ಲ. ಎಲ್ಲ ಏಜೆಂಟ್‌ಗಳೂ ಇರುವ ಒಂದು ಏಜೆಂಟ್ ಸೆಟ್ ತಾನಾಗಿಯೇ ಸಿಗುತ್ತೆ. ಅದಕ್ಕೆ ಡೂ ಅಂದರೆ ಸೇರಿಸಿದ ಕ್ರಮದಲ್ಲಿ ಓಡುತ್ತೆ, ಶಫಲ್ ಡೂ ಅಂದರೆ ಕಲಸಿ ಓಡಿಸುತ್ತೆ. ಮೂರು ಹಂತಕ್ಕೆ ಒಂದು ಫಾರ್ ಲೂಪ್ ಬರೆದರೆ ಮುಗಿಯಿತು. ನಿಜ ಹೇಳಬೇಕೆಂದರೆ ಇದು ಹಳೇದಕ್ಕಿಂತ ಎಷ್ಟೋ ವಾಸಿ. ಯಾರ ನಂತರ ಯಾರು ಅನ್ನುವುದು ಕೋಡ್ ಓದಿದವರಿಗೆ ಕಣ್ಣೆದುರೇ ಕಾಣುತ್ತೆ. ನಮ್ಮ ಮಾಡೆಲ್‌ಗೆ ಅದೇ ತಾನೇ ಮುಖ್ಯ?

ಒಂದು ಎಚ್ಚರಿಕೆ. ನೀರುಗಂಟಿ ಸರದಿಗೆ ರೈತರನ್ನು ತೂಬಿನಿಂದ ಇರುವ ದೂರದ ಪ್ರಕಾರ ಜೋಡಿಸಬೇಕಿತ್ತು. ಏಜೆಂಟ್ ಸೆಟ್‌ಗೆ ಸಾರ್ಟ್ ಇದೆ. ಆದರೆ ಪೈಥಾನ್‌ನ ಮಾಮೂಲಿ ಸಾರ್ಟ್ ಥರ ಅಲ್ಲ, ಏನೂ ಹೇಳದಿದ್ದರೆ ದೊಡ್ಡದನ್ನು ಮೊದಲು ಇಡುತ್ತೆ. ಅಂದರೆ ಕೊನೆಯ ಗದ್ದೆಗೇ ಮೊದಲ ನೀರು! ನಿಜವಾದ ಅಚ್ಚುಕಟ್ಟಿನಲ್ಲಿ ಹೀಗಾಗಿದ್ದರೆ ಊರೇ ಸೇರುತ್ತಿತ್ತು. ಅಸೆಂಡಿಂಗ್ ಟ್ರೂ ಅಂತ ಬಾಯಿಬಿಟ್ಟು ಬರೆಯಿರಿ.

ಇನ್ನು ಸದ್ದಿಲ್ಲದೆ ಬಂದ ಗಂಡಾಂತರಗಳು. ಮೊದಲನೆಯದು ಬೇಗ ಸಿಕ್ಕಿತು. ಹಳೇ ಕೋಡಿನಲ್ಲಿ ದಿನ ಎಣಿಸುವುದಕ್ಕೆ ಸೆಲ್ಫ್.ಸ್ಟೆಪ್ಸ್ ಅಂತ ಇತ್ತು, ಪ್ರತಿ ದಿನ ಅದಕ್ಕೆ ಒಂದು ಕೂಡಿಸುತ್ತಿದ್ದರು. ಮೆಸಾ 3 ಅದೇ ಹೆಸರಿನಲ್ಲಿ ತಾನೂ ಎಣಿಸುತ್ತೆ. ಇಬ್ಬರೂ ಎಣಿಸಿದರೆ ಏನಾಗುತ್ತೆ? 120 ದಿನದ ಹಂಗಾಮು 60 ದಿನಕ್ಕೇ ಮುಗಿಯಿತು. 8 ದಿನಕ್ಕೆ ಬರಬೇಕಾದ ಸರದಿ 4 ದಿನಕ್ಕೆ ಬಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಗ್ರಾಫ್ ಅರ್ಧಕ್ಕೇ ನಿಂತದ್ದನ್ನು ಕಂಡು ಗೊತ್ತಾಯಿತು. ಆ ಒಂದು ಸಾಲು ಅಳಿಸಿದೆ, ಸರಿಹೋಯಿತು.

ಎರಡನೆಯದು ನನ್ನ ನಿದ್ದೆ ತಿಂದಿತು. ಹಳೇದು ಮತ್ತು ಹೊಸದರ ಸರಾಸರಿ ನೀರು ಹತ್ತಿರ ಹತ್ತಿರ ಬಂದಿತ್ತು. ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ಸರಾಸರಿ ಕಡೆ ನೋಡಲೇ ಇಲ್ಲ. “ಗದ್ದೆವಾರು ಬಿಡಿಸಿ ತೋರಿಸು” ಅಂದರು. ಬಿಡಿಸಿದೆ. 59 ಗದ್ದೆಗಳಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ, ಸ್ವಲ್ಪ ಸ್ವಲ್ಪ ಕಮ್ಮಿ ಅಷ್ಟೇ. 60ನೆಯದು ಒಣಗಿ ಹೋಗಿತ್ತು. ಹೊಸ ಮಾಡೆಲ್‌ನಲ್ಲಿ ಆ ಗದ್ದೆಗೆ ಯಾವ ರನ್‌ನಲ್ಲೂ ನೀರು ತಲುಪಿಲ್ಲ.

ಹುಡುಕಿ ಹುಡುಕಿ ಸಾಕಾಗಿ ಸೀನಿಯರ್‌ಗೆ ಫೋನ್ ಮಾಡಿದೆ.

“ಅಣ್ಣ, ದೂರದ ಪಟ್ಟಿಯಲ್ಲಿ 61 ನಂಬರ್ ಇದೆ. ಗದ್ದೆ ಇರೋದು 60. ಇನ್ನೊಂದು ಏನು?”

“ಓ ಅದಾ! ಅದು ಕೆಳಗಿನ ಕೆರೆ ಕಣಮ್ಮಾ. ಉಳಿದ ನೀರು ಹರಿದು ಅಲ್ಲಿಗೇ ಹೋಗುತ್ತೆ ಅಲ್ವಾ? ಅದಕ್ಕೆ ಕೊನೇಲಿ ಸೇರಿಸಿದ್ದೆ.”

ಆಗ ಗಂಟು ಬಿಚ್ಚಿತು. ಹಳೇ ಮೆಸಾದಲ್ಲಿ ಪ್ರತಿ ಏಜೆಂಟ್‌ಗೂ ಯೂನಿಕ್ ಐಡಿಯನ್ನು ನಾವೇ ಕೊಡಬೇಕಿತ್ತು. ಅಣ್ಣ ಸೊನ್ನೆಯಿಂದ 59ರವರೆಗೆ ಕೊಟ್ಟಿದ್ದರು, ಅದೇ ನಂಬರ್ ಇಟ್ಟುಕೊಂಡು ಪಟ್ಟಿಯಿಂದ ದೂರ ಓದುತ್ತಿದ್ದರು. ಮೆಸಾ 3 ಐಡಿಯನ್ನು ತಾನೇ ಕೊಡುತ್ತೆ, ಶುರು ಮಾಡುವುದು ಒಂದರಿಂದ. ಹೀಗಾಗಿ ಪ್ರತಿ ರೈತನಿಗೂ ಪಕ್ಕದವನ ದೂರ ಸಿಕ್ಕಿತು. ಕೊನೆಯ ರೈತನ ಗದ್ದೆ ಹೋಗಿ ಕೆಳಗಿನ ಕೆರೆಯ ಹತ್ತಿರ ಕೂತಿತು. ಪಟ್ಟಿಯಲ್ಲಿ ಆ 61ನೇ ನಂಬರ್ ಇರದಿದ್ದರೆ ಪೈಥಾನ್ ಎರರ್ ಕೊಟ್ಟು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಇದ್ದದ್ದರಿಂದ ಎಲ್ಲ ಸುಸೂತ್ರವಾಗಿ ಓಡಿತು. ನಮ್ಮ ಲೇಖನದ ಪ್ರಶ್ನೆಯೇ ಕೊನೆಯ ಗದ್ದೆಯದು. ಇದು ಕಾಣದೆ ಹೋಗಿದ್ದರೆ ನಮ್ಮ ತೀರ್ಮಾನವೇ ಉಲ್ಟಾ ಆಗುತ್ತಿತ್ತು.

ಪರಿಹಾರ ಒಂದೇ ಸಾಲು: ಗದ್ದೆ ನಂಬರ್ ಅಂತ ಬೇರೆ ಗುಣ ಇಟ್ಟು, ಐಡಿಯ ಸಹವಾಸ ಬಿಟ್ಟೆ. ನಿಮ್ಮ ಕೋಡಿನಲ್ಲಿ ಯೂನಿಕ್ ಐಡಿ ಎಲ್ಲೆಲ್ಲಿ ಬಂದಿದೆ ಅಂತ ಮೊದಲೇ ಹುಡುಕಿ ನೋಡಿ. ಗುರುತಿಗೆ ಬಳಸಿದ್ದರೆ ಪರವಾಗಿಲ್ಲ. ಲೆಕ್ಕಕ್ಕೆ ಬಳಸಿದ್ದರೆ ಇವತ್ತೇ ತೆಗೆದುಬಿಡಿ.

ಮೂರನೆಯದು ಸೀಡ್, ಅಂದರೆ ರ‍್ಯಾಂಡಮ್ ನಂಬರುಗಳ ಸಾಲು ಎಲ್ಲಿಂದ ಶುರುವಾಗಬೇಕು ಅಂತ ಕೊಡುವ ಸಂಖ್ಯೆ. ಹಳೇದರಲ್ಲಿ ಸೀಡ್ 42 ಕೊಟ್ಟು ಓಡಿಸಿದ ಗ್ರಾಫ್ ಲೇಖನದಲ್ಲಿ ಅಚ್ಚಾಗಬೇಕಿತ್ತು. ಹೊಸದರಲ್ಲೂ 42 ಕೊಟ್ಟೆ. ಬೇರೆಯೇ ಗ್ರಾಫ್ ಬಂತು. ಎಲ್ಲಿ ಏನು ಕೆಟ್ಟಿದೆಯೋ ಅಂತ ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ. ಏಜೆಂಟ್‌ಗಳನ್ನು ಕಲಸುವ ಕೋಡ್ ಬದಲಾಗಿದೆ, ರ‍್ಯಾಂಡಮ್ ನಂಬರುಗಳನ್ನು ತೆಗೆದುಕೊಳ್ಳುವ ಕ್ರಮವೂ ಬದಲಾಗಿದೆ. ಹಾಗಾಗಿ ಸೀಡ್ ಒಂದೇ ಆದರೂ ಕಥೆ ಒಂದೇ ಆಗಬೇಕಿಲ್ಲ. ಒಂದು ರನ್ ಪಕ್ಕ ಒಂದು ರನ್ ಇಟ್ಟು ಹೋಲಿಸಬೇಡಿ. ಎರಡೂ ಕಡೆ ಬೇರೆ ಬೇರೆ ಸೀಡ್‌ಗಳಲ್ಲಿ ತುಂಬಾ ರನ್ ಮಾಡಿ, ಹರಡುವಿಕೆ ಹೋಲಿಸಿ. ನಾವು ಗದ್ದೆವಾರು ನೀರಿನ ಹಿಸ್ಟೋಗ್ರಾಮ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. ನೀರುಗಂಟಿ ಇರುವಾಗಿನದು, ಇಲ್ಲದಿರುವಾಗಿನದು, ಎರಡೂ. ಸರಿಯಾಗಿ ಹೊಂದಿ ಕೂತವು. ಅವತ್ತು ಸಂಜೆ ಹಾಸ್ಟೆಲ್ ಮೆಸ್‌ನ ಸಾರೂ ರುಚಿಯಾಗಿತ್ತು.

ಈ ರನ್‌ಗಳಿಗಾಗಿ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಬೇಕಾಯಿತು, ಕೈಯಿಂದ ಹೋದ ದುಡ್ಡು ಅದೊಂದೇ. ಸಾಫ್ಟ್‌ವೇರ್‌ಗೆ ಒಂದು ಪೈಸೆ ಇಲ್ಲ. ನಿಮ್ಮ ಇಲಾಖೆಯಲ್ಲಿ ಸರ್ವರ್ ಇದ್ದರೆ ಮೊದಲು ಅದನ್ನು ಕೇಳಿ. ನಮ್ಮಲ್ಲಿ ಕೇಳಿದ ಅರ್ಜಿಗೆ ಉತ್ತರ ಬಂದದ್ದು ಕೆಲಸವೆಲ್ಲ ಮುಗಿದ ಮೇಲೆ.

ಚಿತ್ರದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಹಳೇದರಲ್ಲಿ ಬ್ರೌಸರ್‌ನಲ್ಲಿ 8521 ಪೋರ್ಟ್‌ನಲ್ಲಿ ತೆರೆಯುತ್ತಿದ್ದ ಸರ್ವರ್ ಹೋಗಿದೆ. ಈಗ ಅದರ ಜಾಗಕ್ಕೆ ಸೋಲಾರಾ ಅನ್ನುವ ಪೈಥಾನ್ ವೆಬ್ ಲೈಬ್ರರಿ ಬಂದಿದೆ, ಅದು ತೆರೆಯುವುದು 8765ರಲ್ಲಿ. ಮಾಡೆಲನ್ನು ಅದರಲ್ಲಿ ತೋರಿಸುವ ಸೋಲಾರಾವಿಜ್‌ಗೆ ಮಾಡೆಲ್ ಕ್ಲಾಸ್ ಕೊಡಬಾರದು, ಮಾಡಿಟ್ಟ ಮಾಡೆಲ್ಲನ್ನೇ ಕೊಡಬೇಕು. ಸ್ಲೈಡರ್ ಎಳೆದಾಗ ಅದು ಮಾಡೆಲನ್ನು ಹೊಸದಾಗಿ ಕಟ್ಟುತ್ತೆ, ಅದಕ್ಕೆ ಮಾಡೆಲ್‌ನ ಎಲ್ಲ ನಿಯತಾಂಕಗಳನ್ನೂ ಹೆಸರು ಹಿಡಿದು ಕೊಡುವ ಹಾಗೆ ಬರೆದಿರಬೇಕು. ಅಷ್ಟೇ.

ಆಮೇಲೆ ಕೋಡನ್ನು ಸಾರ್ವಜನಿಕವಾಗಿ ಇಡುವ ಕೆಲಸ. ನಾವು ಆರಿಸಿಕೊಂಡದ್ದು ಕಾಮ್ಸೆಸ್ ನೆಟ್‌ನ ಮಾಡೆಲ್ ಲೈಬ್ರರಿ. ಏಜೆಂಟ್ ಮಾಡೆಲ್‌ಗಳಿಗೇ ಇರುವ ಜಾಗ ಅದು, ದುಡ್ಡು ಕೇಳುವುದಿಲ್ಲ. ಬರೀ ಡಿಒಐ (ಉಲ್ಲೇಖಿಸುವುದಕ್ಕೆ ಸಿಗುವ ಶಾಶ್ವತ ಗುರುತು) ಸಾಕು ಅನ್ನುವವರು ಕೋಡ್ ಇಡುವ ಗಿಟ್‌ಹಬ್ ಅನ್ನು ಜೆನೋಡೋ ಅನ್ನುವ ಸಂಶೋಧನಾ ಸಂಗ್ರಹಕ್ಕೆ ಜೋಡಿಸಿ ಒಂದು ರಿಲೀಸ್ ಹಾಕಿದರೆ ಆಯಿತು, ಅದೂ ಉಚಿತ. ಕಾಮ್ಸೆಸ್‌ನಲ್ಲಿ ಜಾಸ್ತಿ ಸಿಗುವುದು ಏನೆಂದರೆ ಬೇಕೆಂದವರಿಗೆ ಮಾಡೆಲ್‌ನದೇ ಪ್ರತ್ಯೇಕ ವಿಮರ್ಶೆ. ಕೋಡ್ ಅಚ್ಚುಕಟ್ಟಾಗಿದೆಯಾ, ವಿವರಣೆ ಪೂರ್ತಿ ಇದೆಯಾ, ಹೆಚ್ಚು ಒದ್ದಾಡದೆ ಓಡುತ್ತಾ ಅಂತ ನೋಡುತ್ತಾರೆ. ನಮ್ಮ ಜರ್ನಲ್ ವಿಮರ್ಶಕರ ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇಕಾ?

ಅದಕ್ಕೆ ಕೋಡ್ ಜೊತೆ ವಿವರಣೆಯ ದಾಖಲೆ ಬೇಕು. ಸಾಮಾನ್ಯವಾಗಿ ಎಲ್ಲರೂ ಒಡಿಡಿ (ಓವರ್‌ವ್ಯೂ, ಡಿಸೈನ್ ಕಾನ್ಸೆಪ್ಟ್ಸ್, ಡೀಟೇಲ್ಸ್) ಪದ್ಧತಿಯಲ್ಲಿ ಬರೆಯುತ್ತಾರೆ. ಫೋಲ್ಕರ್ ಗ್ರಿಮ್ ಮತ್ತು ಜೊತೆಗಾರರು 2006ರಲ್ಲಿ ಮಾಡಿದ್ದು, 2010 ಮತ್ತು 2020ರಲ್ಲಿ ಪರಿಷ್ಕರಿಸಿದ್ದಾರೆ. ಏಳು ಭಾಗ ಇರುತ್ತೆ: ಮಾಡೆಲ್‌ನ ಉದ್ದೇಶದಿಂದ ಹಿಡಿದು ಉಪಮಾಡೆಲ್‌ಗಳ ಸಮೀಕರಣದವರೆಗೆ. ಹೊಸದಾಗಿ ಬರೆಯುವವರು 2020ರದನ್ನೇ ಹಿಡಿಯಿರಿ.

ನನ್ನನ್ನು ಹೆಚ್ಚು ಕಾಡಿದ್ದು ಮೂರನೇ ಭಾಗ. ಯಾವ ಕೆಲಸ, ಯಾವ ಕ್ರಮದಲ್ಲಿ, ಯಾರ ನಂತರ ಯಾರು ಅಂತ ಬರೆಯಬೇಕು. ಶೆಡ್ಯೂಲರ್ ಇದ್ದಾಗ ಅದರ ಹೆಸರು ಬರೆದು ಮುಂದೆ ಹೋಗುತ್ತಿದ್ದರು. ಈಗ ಬಿಡಿಸಿ ಬರೆಯಲೇಬೇಕು. ಬರೆಯುತ್ತಾ ಹೋದ ಹಾಗೆ ಪ್ರಶ್ನೆಗಳು ಎದ್ದವು. ನೀರು ಕೇಳುವಾಗಲೂ ಕಲಸಬೇಕಾ, ಹಾಯಿಸುವಾಗ ಮಾತ್ರ ಸಾಕಾ? ಹಳೇ ಕೋಡಿನಲ್ಲಿ ಹಂತಗಳ ಮಧ್ಯೆ ಮತ್ತೆ ಕಲಸುವ ಆಯ್ಕೆ ಆನ್ ಆಗಿತ್ತು, ಅದು ಬೇಕಂತ ಮಾಡಿದ್ದಾ ಅಂತ ಅಣ್ಣನಿಗೂ ನೆನಪಿರಲಿಲ್ಲ. ಹೋಗಿ ಕೆರೆಯ ಹಳೇ ನೀರುಗಂಟಿ ತಾತನನ್ನೇ ಕೇಳಿದೆವು. ನೀರು ಬೇಕು ಅಂತ ಬೆಳಿಗ್ಗೆ ಹೇಳಿ ಹೋಗುವವರ ಸಾಲು ಬೇರೆ, ಮಡೆ ಹತ್ತಿರ ಬಂದು ನಿಲ್ಲುವವರ ಸಾಲು ಬೇರೆ ಅಂದರು. “ಕೇಳಿದೋನೆಲ್ಲ ಬರ್ತಾನಾ? ಬಂದೋನೆಲ್ಲ ಕೇಳಿರ್ತಾನಾ?” ಸರಿ, ಪ್ರತಿ ಹಂತದಲ್ಲೂ ಕಲಸುವುದನ್ನು ಹಾಗೇ ಉಳಿಸಿಕೊಂಡೆವು. ಕಾರಣವನ್ನೂ ದಾಖಲೆಯಲ್ಲಿ ಬರೆದೆವು.

ಅಪ್‌ಲೋಡ್ ಮಾಡುವುದು ಸುಲಭ. ಕೋಡ್, ದಾಖಲೆ, ಡೇಟಾ, ಫಲಿತಾಂಶ ಬೇರೆ ಬೇರೆ ಫೋಲ್ಡರ್‌ನಲ್ಲಿ ಇರಬೇಕು. ಲೈಸೆನ್ಸ್ ಆರಿಸುವುದನ್ನು ಕೊನೆಗೆ ಬಿಡಬೇಡಿ, ಜೊತೆಗೆ ಬರೆದವರ ಒಪ್ಪಿಗೆ ಬೇಕು. ಅಣ್ಣನ ಹೊಸ ಕಂಪನಿಯಲ್ಲಿ ಕೇಳಿ ಒಪ್ಪಿಗೆ ತರುವಷ್ಟರಲ್ಲಿ ಗಣೇಶನ ಹಬ್ಬ ಕಳೆದು ದಸರಾ ಬಂದಿತ್ತು. ಆಮೇಲೆ ವಿಮರ್ಶೆಗೆ ಕಾಯುವುದು. ದಿನಾ ಮೇಲ್ ನೋಡುವುದು, ಏನಿಲ್ಲ, ಮುಚ್ಚುವುದು. ಕೊನೆಗೆ ಬಂದ ಉತ್ತರದಲ್ಲಿ ಎರಡೇ ತಕರಾರು: ರೀಡ್‌ಮಿಯಲ್ಲಿ ಪೈಥಾನ್ ವರ್ಷನ್ ಬರೆಯಿರಿ, ಒಂದು ಚಿಕ್ಕ ರನ್ ಓಡಿಸುವ ಆಜ್ಞೆ ಕೊಡಿ. ಬರೆದು ಕಳಿಸಿದೆ. ಪಾಸಾಯಿತು, ಡಿಒಐ ಸಿಕ್ಕಿತು. ಅದನ್ನೇ ಜರ್ನಲ್‌ಗೆ ಕಳಿಸಿದೆವು. ಹಾಂ, ಮೆಸಾ 3 ಬಳಸಿದರೆ ಅದರ ಬಗ್ಗೆ 2025ರಲ್ಲಿ ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ಬಂದ ಲೇಖನವನ್ನು ಉಲ್ಲೇಖಿಸಿ. ದುಡ್ಡಿಲ್ಲದೆ ಕೆಲಸ ಮಾಡುವವರಿಗೆ ನಾವು ಕೊಡಬಹುದಾದದ್ದು ಅಷ್ಟೇ.

ಈಗ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಪ್ರತಿ ಹೆಸರಿನ ಮುಂದೆಯೂ ನಂಬರ್ ಇದೆ. ಹಳೇ ಫಲಿತಾಂಶದ ಸಿಎಸ್‌ವಿಗಳೂ, ಹೋಲಿಸುವ ಸ್ಕ್ರಿಪ್ಟೂ ಅದೇ ಫೋಲ್ಡರ್‌ನಲ್ಲಿವೆ. ಮುಂದೆ ಬೇಕೇ ಬೇಕಾಗುತ್ತವೆ. ನಾವು ಬಳಸುತ್ತಿರುವ ಹಳೇ ಗ್ರಿಡ್‌ಗೆ ಮೆಸಾದಲ್ಲಿ ಇನ್ನು ದುರಸ್ತಿ ಮಾತ್ರ, ಹೊಸ ಸೌಲಭ್ಯ ಏನಿದ್ದರೂ ಡಿಸ್ಕ್ರೀಟ್ ಸ್ಪೇಸ್ ಅನ್ನುವ ಹೊಸ ಭಾಗಕ್ಕೆ. ಅದಕ್ಕೆ ಸಾಗಿಸುವ ಕೆಲಸ ಈ ಸಲ ಬಂದ ಜೂನಿಯರ್‌ಗೆ ಸಿಕ್ಕಿದೆ. ಮೊನ್ನೆ ಕೇಳುತ್ತಿದ್ದ, “ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?” ಮೊದಲು ಈಗಿನದನ್ನೇ ಓಡಿಸಿ ಎತ್ತಿಡು ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ.